ಬಯ್ಯಪ್ಪನವರ ಮೊದಲ ಬಿಂದಿಗೆ

ಶಿಡ್ಲಘಟ್ಟದ ಆಚೆಯ ಆ ಊರಿನಲ್ಲಿ ಯಾರ ಮನೆಯ ಒಗ್ಗರಣೆ ಸೀದರೂ ಮೊದಲು ಅರಳುವುದು ಬಯ್ಯಪ್ಪನವರ ಮೂಗು. ಊರವರೇ ಸೇರಿ ಕಟ್ಟಿಕೊಂಡ ಬೆಂಕಿ ಆರಿಸುವ ಪಡೆಗೆ ಅವರೇ ಹಿರಿಯರು, ಅವರೇ ಚರಿತ್ರೆಕಾರರು. ಮದುವೆಗೆ ಹೋದರೆ ಹೆಣ್ಣು ಗಂಡಿಗಿಂತ ಮುಂಚೆ ಅಡುಗೆಯವರ ಒಲೆ ನೋಡಿ ಬರುತ್ತಾರೆ. ಹೋಮದ ಹೊಗೆ ಎದ್ದರೆ ಪುರೋಹಿತರ ಪಕ್ಕದಲ್ಲಿ ತುಂಬಿದ ಬಕೆಟ್ಟು ಇಟ್ಟೇ ಅಕ್ಷತೆ ಹಾಕುತ್ತಾರೆ. ಪಡೆ ಹುಟ್ಟಿದ ಕಥೆ ಶುರು ಮಾಡಿದರಂತೂ ಕೇಳುವವರ ಲೋಟದಲ್ಲಿ ಟೀ ಆರಿಹೋದರೂ ಕಥೆಯ ಬೆಂಕಿ ಆರುವುದಿಲ್ಲ. ಪಡೆ ಹುಟ್ಟಲು ಕಾರಣವಾದ, ಗೌಡರ ಬಣವೆಗೆ ಬಿದ್ದ ಆ ಹಳೆಯ ಬೆಂಕಿ ಅವರ ಬಾಯಲ್ಲಿ ಹೋದ ವರ್ಷ ತೆಂಗಿನ ಮರದೆತ್ತರ ಇತ್ತು. ಈ ವರ್ಷ ದೂರದ ಚಿಂತಾಮಣಿ ಪೇಟೆಯವರಿಗೂ ಕಾಣಿಸುತ್ತಿದೆ. “ಬಯ್ಯಣ್ಣ, ಸುಟ್ಟಿದ್ದು ನಮ್ಮಪ್ಪನ ಬಣವೆ ಕಣಣ್ಣ, ಒಂಚೂರು ಕಮ್ಮಿ ಮಾಡು,” ಎಂದು ಗೌಡರ ಮಗ ರಾಮಾಂಜಿನಪ್ಪ ನಗುತ್ತಾರೆ. ಈಗ ಪಡೆಗೆ ಮೋಟಾರು, ಉದ್ದನೆಯ ಪೈಪು ಎಲ್ಲ ಬಂದಿವೆ. ಆದರೂ ಭಾನುವಾರದ ತಾಲೀಮು ಶುರುವಾಗಬೇಕಾದರೆ ಬಯ್ಯಪ್ಪನವರು ಊರಬಾವಿಯಿಂದ ಕೈಯಾರೆ ಒಂದು ಬಿಂದಿಗೆ ನೀರು ಸೇದಲೇಬೇಕು, ಉಳಿದವರು ಕಾಯಲೇಬೇಕು. ಮೊನ್ನೆ ಪಡೆಗೆ ಹೊಸದಾಗಿ ಸೇರಿದ ಪವಿತ್ರ, “ಸ್ವಿಚ್ ಒತ್ತಿದ್ರೆ ಆಯ್ತಲ್ಲ ತಾತ, ಇದ್ಯಾಕೆ?” ಎಂದಳು. ಬಯ್ಯಪ್ಪನವರ ಚರಿತ್ರೆಯಲ್ಲಿ ಎಷ್ಟು ಸಲ ಹೇಳಿದರೂ ಬೆಳೆಯದೆ ಹಾಗೇ ಉಳಿದಿರುವುದು ಈ ಒಂದು ಭಾಗ ಮಾತ್ರ. “ಆ ಬೆಂಕಿ ಬೀಳೋವರ್ಗೂ ನಮ್ಮ ಕೇರಿಯೋರು ಈ ಬಾವಿ ಹಗ್ಗ ಮುಟ್ಟಂಗಿರ್ಲಿಲ್ಲ ಕಣಮ್ಮ. ಅವತ್ತು ಬಣವೆ ಉರೀತಿರೋವಾಗ ಗೌಡ್ರೇ ಕೂಗಿದ್ರು, ‘ಸೇದೋ ಬಯ್ಯ, ಸೇದೋ!’ ಅಂತ. ಸೇದ್ದೆ. ಬೆಂಕಿ ಆರ್ತು. ನಾನು ಹಗ್ಗ ಬಿಡ್ಲಿಲ್ಲ.”