ನಮ್ಮಣ್ಣ, ಮಷೀನು ಮತ್ತು ಮಾವನ ಎಮ್ಮೆ

ಮರ ಕೊಯ್ಯುವ ಮಷೀನು ಕೊಳ್ಳಲು ಹೋದರೆ ನಮ್ಮಣ್ಣ ಮಾನಪ್ಪ ಅಂಗಡಿಯಲ್ಲಿ ನಿಂತು ಎಮ್ಮೆಯ ಕಥೆ ಹೇಳುತ್ತಿದ್ದ. ಮಷೀನನ್ನು ಎರಡೂ ಕೈಯಲ್ಲಿ ಹಿಡಿದು, ತೋಳು ಮುಂದಕ್ಕೆ ಚಾಚಿ, ಇಳಿಸದೆ ಪೂರ್ತಿ ಕಥೆ ಹೇಳಬೇಕು. ಮುಗಿಯುವ ಮೊದಲೇ ತೋಳು ನಡುಗಿದರೆ ಆ ಮಷೀನು ಬೇಡ.

ಕಥೆ ನಮ್ಮ ಸೋದರಮಾವನ ಎಮ್ಮೆಯದು. ಅದು ಕೆರೆಯ ದಂಡೆಯಲ್ಲಿ ಹಗ್ಗ ಹರಿದುಕೊಂಡು, ರಂಗಂಪೇಟೆಯ ಬಜಾರಿನ ಸೀರೆ ಅಂಗಡಿ ಹೊಕ್ಕು, ಅಲ್ಲಿಂದ ಮದುವೆಯ ಹಂದರಕ್ಕೆ ನುಗ್ಗಿ, ಕೊನೆಗೆ ಮದುಮಗನ ಬಾಸಿಂಗ ತಿಂದುಬಿಡುತ್ತದೆ. ಶಹಾಪುರದ ಮಷೀನು ಅಂಗಡಿಯ ಸಾವುಕಾರರಿಗೆ ಇದು ಬಾಯಿಪಾಠ. ಅಣ್ಣ ಮೆಟ್ಟಿಲೇರಿದ ಕೂಡಲೇ, "ಏನ್ ಮಾನಪ್ಪ, ಇವತ್ತರ ಎಮ್ಮಿ ಬಾಸಿಂಗ ತಿಂತದೇನು?" ಎನ್ನುತ್ತಿದ್ದರು.

"ಮಷೀನ್ ಹಗುರ ಇದ್ರ ತಿಂತದ್ರಿ. ಹೋದ ಸಲ ನೀವು ತೋರಿಸಿದ್ದು ಬಜಾರದಾಗೇ ಕುಂತುಬಿಟ್ಟಿತ್ತಲ್ರಿ!"

ಅಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮರದ ನೆತ್ತಿಯಲ್ಲಿ ಕೊಯ್ಯುವವನು. "ನೆಲದ ಮ್ಯಾಲ ನಿಂತಾಂವಗ ದೊಡ್ಡ ಮಷೀನ್ ನಡೀತದ. ನಾ ಟೊಂಗಿಗೆ ಜೋತುಬಿದ್ದಾಂವ. ನನಗ ತೋಳು ಸೋಲದಂಥಾದು ಬೇಕು" ಎನ್ನುತ್ತಿದ್ದ. ಏಳನೆಯ ತರಗತಿಗೆ ಶಾಲೆ ಬಿಟ್ಟ ನನಗೆ ಕೆಳಗೆ ನಿಂತು ಹಗ್ಗ ಹಿಡಿಯುವ ಕೆಲಸ ಕೊಟ್ಟವನೂ ಅವನೇ.

ಒಮ್ಮೆ ಅಣ್ಣನಿಗೆ ಜ್ವರ ಬಂತು. ಹಳೆಯ ಮಷೀನು ಕೆಟ್ಟಿತ್ತು. ದೋರನಹಳ್ಳಿಯಲ್ಲಿ ಚಹಾದಂಗಡಿಯ ಮೇಲೆ ಬಾಗಿದ ಬೇವಿನ ಮರ ಇಳಿಸಲು ಒಪ್ಪಿಕೊಂಡಿದ್ದೆವು. "ನೀನೇ ಹೋಗಿ ತಾ ತಮ್ಮಾ. ಎಮ್ಮಿ ಕಥಿ ಪೂರಾ ಹೇಳು, ಅರ್ಧಕ್ಕ ಬಿಡಬ್ಯಾಡ" ಎಂದ.

ಅಂಗಡಿ ತುಂಬ ಜನ. ಇಸ್ತ್ರಿ ಪ್ಯಾಂಟು ಹಾಕಿಕೊಂಡು ಹೋಗಿದ್ದ ನನಗೆ ಅವರೆದುರು ಎಮ್ಮೆಯ ಕಥೆ ಹೇಳಲು ನಾಚಿಕೆಯಾಯಿತು. ಗೋಡೆಯ ಮೇಲೆ ಎಲ್ಲಕ್ಕಿಂತ ಉದ್ದನೆಯ ಮಷೀನಿತ್ತು. "ಅದು ನೆಲಕ್ಕ ಬಿದ್ದ ಬೊಡ್ಡಿ ಕೊಯ್ಯಾಕಪಾ" ಎಂದು ಸಾವುಕಾರರು ಹೇಳಿದರೂ ಕೇಳದೆ, ಅದನ್ನೇ ಬೈಕಿಗೆ ಕಟ್ಟಿಕೊಂಡು, ನಮ್ಮೂರು ಸುರಪುರದ ಬಜಾರಿನಲ್ಲಿ ಎರಡು ಸುತ್ತು ಹೊಡೆದು ಮನೆಗೆ ಬಂದೆ.

ಅಣ್ಣ ಎತ್ತಿ ನೋಡಿದ. "ಭಾರ ಅನಸ್ತದಲ್ಲೋ. ಕಥಿ ಮುಗೀತೇನು?"

"ಬಾಸಿಂಗ ತಿಂತಣ್ಣಾ."

"ಹಂಗಾರ ನಂದೇ ಜ್ವರದ ಕೈ, ಬಿಡು" ಎಂದು ತನ್ನ ಕೈಯನ್ನೇ ಬೈದುಕೊಂಡ.

ಜ್ವರ ಬಿಟ್ಟ ಮೇಲೆ ದೋರನಹಳ್ಳಿಗೆ ಹೋದರೆ, ಮೂರನೆಯ ಟೊಂಗೆಗೇ ಅವನ ತೋಳು ಸೋತಿತು. ಕೈತಪ್ಪಿದ ಮಷೀನನ್ನು ಹಿಡಿಯಲು ಹೋಗಿ ಬಲಭುಜ ಉಳುಕಿತು. ಮಷೀನು ತನಗೆ ಕಟ್ಟಿದ್ದ ಹಗ್ಗಕ್ಕೆ ಜೋತುಬಿದ್ದು ಚಹಾದಂಗಡಿಯ ತಗಡನ್ನು ಡೋಲಿನಂತೆ ಬಾರಿಸಿತು. ಅಂಗಡಿಯವನು ರಸ್ತೆಯಾಚೆಯಿಂದ, "ಮರಾ ಕಡೀರಿ ಅಂದ್ರ ಅಂಗಡಿ ಕಡೀತೀರೇನ್ರೋ!" ಎಂದು ಕೂಗಿದ.

ಭುಜ ಹಿಡಿದುಕೊಂಡು ಇಳಿದ ಅಣ್ಣ ನನ್ನನ್ನು ಬೈಯಲಿಲ್ಲ. "ಖರೇ ಹೇಳು. ಎಮ್ಮಿ ಎಲ್ಲಿತನಕ ಬಂದಿತ್ತು?"

"ಹಗ್ಗಾನೇ ಹರಿದಿರಲಿಲ್ಲಣ್ಣಾ."

ಆ ನೋವಿನಲ್ಲೂ ಅವನು ನಕ್ಕ. ನನಗೆ ನಗು ಬರಲಿಲ್ಲ.

ಆ ಭುಜ ಮತ್ತೆ ಮೊದಲಿನಂತಾಗಲಿಲ್ಲ. ಅಣ್ಣ ಈಗ ಸೈದಾಪುರದ ಹತ್ತಿರ ಒಂದು ಕಾರ್ಖಾನೆಯ ಗೇಟು ಕಾಯುತ್ತಾನೆ. ಮೊನ್ನೆ ನಾನು ಒಂದು ಸಣ್ಣ ಮಷೀನು ಆರಿಸಿ ಅವನಿಗೆ ತೋರಿಸಲು ಹೋದೆ. ಗೇಟಿನೆದುರು ತೋಳು ಚಾಚಿ ನಿಂತು, ಕೆರೆಯಿಂದ ಬಾಸಿಂಗದವರೆಗೆ ಒಂದನ್ನೂ ಬಿಡದೆ ಹೇಳಿದೆ. ಹಿಂದೆ ಲಾರಿಯವರು ಹಾರ್ನ್ ಹೊಡೆಯುತ್ತಿದ್ದರು. ಕಥೆ ಮುಗಿಯುವವರೆಗೆ ಅಣ್ಣ ಗೇಟು ತೆಗೆಯಲಿಲ್ಲ.

"ಛಲೋ ಆರಿಸೀದಿ" ಎಂದು ಮಷೀನನ್ನು ತಾನೂ ಹಿಡಿದು ನೋಡಿದ. ಬಲಗೈ ಎದೆಯ ಮಟ್ಟಕ್ಕೂ ಬರಲಿಲ್ಲ. ಮೆಲ್ಲನೆ ನನ್ನ ಕೈಗೆ ವಾಪಸು ಕೊಟ್ಟ.

"ನನ್ನ ಎಮ್ಮಿ ಇನ್ನ ಕೆರೀ ದಂಡ್ಯಾಗೇ ನಿಂತದ ತಮ್ಮಾ. ನಿಂದು ನೀ ಹೊಡಕೊಂಡು ಹೋಗು."