ಮಾವನವರು ತೋಡಿಸಿಟ್ಟ ಕುಣಿ

ನಾನು ಸೊಸೆಯಾಗಿ ಈ ಮನೆಗೆ ಬಂದ ವಾರದಲ್ಲೇ ಒಂದು ಮಧ್ಯಾಹ್ನ ಅತ್ತೆ, "ಊಟಕ್ಕ ಹೊತ್ತಾತು, ನಿಮ್ಮ ಮಾವಾರು ಹೊಲದಾಗ ಅದಾರ, ಕರಕೊಂಡು ಬಾ" ಎಂದು ಕಳಿಸಿದರು. ಹೊಲಕ್ಕೆ ಹೋದರೆ ಯಾರೂ ಕಾಣಲಿಲ್ಲ. ಬೇವಿನ ಗಿಡದ ಬುಡದಲ್ಲಿ ನೆಲದೊಳಗಿಂದ ಕೆಮ್ಮು ಕೇಳಿಸಿತು. ಬಗ್ಗಿ ನೋಡಿದರೆ, ಕಲ್ಲು ಕಟ್ಟಿದ ಒಂದು ಕುಣಿಯೊಳಗೆ ನನ್ನ ಮಾವ ಮಲ್ಲೇಶಪ್ಪನವರು ಚಕ್ಕಳಮಕ್ಕಳ ಹಾಕಿಕೊಂಡು ಕುಳಿತಿದ್ದರು, ತಲೆಯ ಮೇಲೆ ರುಮಾಲು, ಪಕ್ಕದಲ್ಲಿ ಕಸಬರಿಗೆ.

"ಹೆದರಬ್ಯಾಡ ತಂಗಿ, ಅಳತಿ ನೋಡಾಕತ್ತೀನಿ. ಮೊಣಕಾಲಿಗೆ ಸ್ವಲ್ಪ ಇಕ್ಕಟ್ಟ ಆಗ್ತೈತಿ" ಎಂದರು.

ಅದು ಅವರ ಕುಣಿ. ನಮ್ಮಲ್ಲಿ ಸತ್ತವರನ್ನು ಕುಳ್ಳಿರಿಸಿ ಮಣ್ಣು ಕೊಡುತ್ತಾರೆ. ಆದರೆ ಕುಣಿ ತೋಡುವುದು ಸತ್ತ ಮೇಲೆ. ಇವರು ಐವತ್ತು ದಾಟುವ ಮೊದಲೇ ಬಾದಾಮಿ ಕಡೆಯಿಂದ ಚಕ್ಕಡಿಯಲ್ಲಿ ಕೆಂಪು ಕಲ್ಲು ತರಿಸಿ ಕಟ್ಟಿಸಿ, ಮೇಲೆ ತಗಡು ಮುಚ್ಚಿ, ಅಮಾವಾಸ್ಯೆಗೊಮ್ಮೆ ಇಳಿದು ಕಸ ಗುಡಿಸಿ ಬರುತ್ತಿದ್ದರು. ಅತ್ತೆಗೆ ಇದು ಕಣ್ಣಿಗೆ ಆಗದು. "ಎಲ್ಲಾರೂ ಬಜಾರದಾಗ ಮುಂಗಡ ಕೊಟ್ಟ ಬರ್ತಾರ, ಇವರು ಸಾವಿಗೆ ಮುಂಗಡ ಕೊಟ್ಟ ಕುಂತಾರ" ಎಂದು ರೊಟ್ಟಿ ಬಡಿಯುತ್ತ ಬಯ್ಯುತ್ತಿದ್ದರು. ನಾನೂ ಆ ಬೇವಿನ ಗಿಡವನ್ನು ಬಳಸಿಕೊಂಡೇ ಹೋಗುತ್ತಿದ್ದೆ. ಬಾಯಿ ತೆರೆದುಕೊಂಡು ಕುಳಿತ ಕುಣಿ ಯಾರನ್ನಾದರೂ ಕೇಳದೆ ಬಿಡುತ್ತದೆಯೇ ಎಂದು ನಮ್ಮ ತವರಿನಲ್ಲಿ ಹಿರಿಯರು ಅನ್ನುತ್ತಿದ್ದರು. ಮಾವನವರಿಗೆ ಹೇಳಿದರೆ ನಕ್ಕುಬಿಟ್ಟರು.

"ಕೆಟ್ಟದ್ದು ಬರೂಕಿಂತ ಮೊದಲ ಅದಕ್ಕೊಂದು ಕುರ್ಚಿ ಹಾಕಿ ಇಡಬೇಕವಾ. ಕುರ್ಚಿ ಇದ್ರ ಬಂದ್ರೂ ಸುಮ್ನ ಕುಂಡರತೈತಿ. ಇಲ್ಲಂದ್ರ ಮನಿ ತುಂಬ ತಿರಗ್ಯಾಡತೈತಿ."

ಈ ಕುರ್ಚಿಯ ಮಾತು ಅವರ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರಬೇಕು. ಬೇಸಿಗೆಯಲ್ಲಿ ಕೊಡೆಯ ಕಡ್ಡಿ ಸರಿ ಮಾಡಿಸುವರು. ಒಂದು ಕಂದೀಲು ಇದ್ದರೆ ಇನ್ನೊಂದು, ಆ ಇನ್ನೊಂದಕ್ಕೆ ಮತ್ತೊಂದು ಗಾಜು. ನಾನು ಹೊಸದರಲ್ಲಿ ಹಿಂದಿನಿಂದ ಅಣಕಿಸಿ ನಗುತ್ತಿದ್ದೆ. ನಗುವುದನ್ನು ಬಿಟ್ಟದ್ದು ನನ್ನ ಮೊದಲ ಹೆರಿಗೆಯಲ್ಲಿ.

ನಮ್ಮೂರು ಹುನಗುಂದ ತಾಲೂಕಿನದಾದರೂ ಹುನಗುಂದದ ರಸ್ತೆ ಇರುವುದು ಮಲಪ್ರಭಾ ಹೊಳೆಯ ಆಚೆ ದಂಡೆಗೆ. ದವಾಖಾನೆ, ಹೈಸ್ಕೂಲು, ಬಸ್ಸು ಎಲ್ಲ ಆಚೆಗೇ. ದಾಟಲು ಇದ್ದದ್ದು ಅಂಬಿಗರ ದುರ್ಗಪ್ಪನ ಹರಗೋಲು ಒಂದೇ, ಬಿದಿರಿನ ದೊಡ್ಡ ಬುಟ್ಟಿಗೆ ಎಮ್ಮೆಯ ತೊಗಲು ಹೊಲಿದದ್ದು. ನನಗೆ ಏಳು ತಿಂಗಳು ತುಂಬುತ್ತಲೇ ಮಾವನವರು ದುರ್ಗಪ್ಪನಿಗೆ ಊರು ಬಿಟ್ಟು ಕದಲಬೇಡ ಎಂದು ಹೇಳಿಟ್ಟರು, ಆಚೆ ದಂಡೆಯಲ್ಲಿ ಒಂದು ಚಕ್ಕಡಿ ಗೊತ್ತು ಮಾಡಿಟ್ಟರು. ನೋವು ಬಂದ ದಿನ ಕೂಸು ಅಡ್ಡ ತಿರುಗಿತ್ತು. ಸೂಲಗಿತ್ತಿ ಕೈ ಚೆಲ್ಲಿದಳು. ಹರಗೋಲಿನಲ್ಲಿ ಮಲಗಿಸಿ ದುರ್ಗಪ್ಪ ದಾಟಿಸಿದ, ಚಕ್ಕಡಿ ಎತ್ತು ಹೂಡಿಕೊಂಡೇ ನಿಂತಿತ್ತು. "ಅರ್ಧ ತಾಸು ತಡಾ ಆಗಿದ್ರ ಇಬ್ಬರೂ ಇರ್ತಿರಲಿಲ್ಲ" ಎಂದರು ಹುನಗುಂದದ ಡಾಕ್ಟರು. ಹಾಗೆ ಹುಟ್ಟಿದವಳು ನನ್ನ ಶಶಿಕಲಾ. ಅಂದಿನಿಂದ ಮಾವನವರು ಮುಂದಾಲೋಚಿಸಿದ್ದೆಂದರೆ ನನಗೆ ವೇದವಾಕ್ಯ.

ಶಶಿಕಲಾ ಹೈಸ್ಕೂಲಿಗೆ ಹೋಗತೊಡಗಿದಾಗ, ಎಂಬತ್ತರ ದಶಕದ ಮೊದಲಲ್ಲಿ, ಊರ ಹುಡುಗ ಹುಡುಗಿಯರು ಒಂದು ಹಿಂಡಾಗಿ ದಿನಾ ಹೊಳೆ ದಾಟುತ್ತಿದ್ದರು. ಹರಗೋಲಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಕಟ್ಟಿಗೆಯ ದೊಡ್ಡ ದೋಣಿ ಮಾಡಿಸಬೇಕೆಂದು ಊರಿನ ನಾಟ್ಯ ಸಂಘದವರು ಹೊರಟರು. ಸಂಘಕ್ಕೆ ಮಾವನವರೇ ಹಿರಿಯರು. ದೋಣಿಗೆ ದುಡ್ಡು ಕೂಡಿಸಲು ಸಹಾಯಾರ್ಥ ನಾಟಕ ಆಡುವುದು ಎಂದಾಯಿತು. ನಮ್ಮ ಕಡೆ ನಾಟಕವೆಂದರೆ ಟಿಕೇಟಿನಿಂದ ಬರುವುದು ಅಷ್ಟಕ್ಕಷ್ಟೇ. ಆಟದ ನಡುವೆ ಜನ ರಂಗಕ್ಕೆ ಬಂದು ಪಾತ್ರದವರ ಕೈಗೆ ದುಡ್ಡಿನ ಆಯೇರಿ ಮಾಡುತ್ತಾರಲ್ಲ, ಮೈಕಿನಲ್ಲಿ ಹೆಸರು ಕೂಗಿಸಿಕೊಂಡು, ಅದರಿಂದಲೇ ಬರುವುದು.

ಯುಗಾದಿ ಕಳೆದ ಮೇಲೆ ನಮ್ಮ ಪಡಸಾಲೆಯಲ್ಲಿ ಕೂಟ ಸೇರಿತು. ನಾನು ಚಹಾ ಕೊಡುತ್ತ ಒಳಬಾಗಿಲಲ್ಲಿ ನಿಂತಿದ್ದೆ. ಹುಡುಗರು ಬರುವ ಬಸವ ಜಯಂತಿಗೇ ನಾಟಕ ಆಡೋಣ, ಮಳೆಗಾಲದೊಳಗೆ ದೋಣಿ ಬರಲಿ ಎಂದರು. ಮಾವನವರು ತಲೆ ಅಲ್ಲಾಡಿಸಿದರು.

"ಈ ವರ್ಷ ಬೆಳಿ ಕೈಕೊಟ್ಟೈತಿ. ಈಗ ಮಂದಿ ಕಿಸೆದಾಗ ಏನೈತಿ, ಗಾಳಿ. ಬರೂ ವರ್ಷ ಸಂಕ್ರಮಣ ಆಗಲಿ, ಬಿಳಿಜೋಳದ ಸುಗ್ಗಿ ಮುಗೀಲಿ. ಆವಾಗ ಆಡಿದ್ರ ಪೂರಾ ದೋಣಿ ಬರ್ತೈತಿ. ಈಗ ಆಡಿದ್ರ ಅರ್ಧ ಬರ್ತೈತಿ. ಅರ್ಧ ದೋಣಿ ಹೊಳಿ ದಾಟಾಂಗಿಲ್ರಪಾ."

ಮಾತು ಖರೆ. ಎಲ್ಲರೂ ಒಪ್ಪಿದರು. ಆಮೇಲೆ ಅವರು ತಯಾರಿ ಬಿಡಿಸಿಟ್ಟ ರೀತಿ ನೋಡಬೇಕಿತ್ತು. ನಾಯಕಿ ಪಾತ್ರಕ್ಕೆ ಇಳಕಲ್ಲಿನ ನಟಿಗೆ ಈಗಲೇ ವೀಳ್ಯ, ಅಂದರೆ ಮುಂಗಡ, ಕೊಡಬೇಕು, ಸುಗ್ಗಿಯಲ್ಲಿ ಅವಳಿಗಾಗಿ ಊರೂರು ಕಾದಾಡುತ್ತವೆ. ಅವಳು ಜಡ್ಡಾದರೆ ಇನ್ನೊಬ್ಬಳು. ಹಾರ್ಮೋನಿಯಂ ಕೈಕೊಟ್ಟರೆ ಇನ್ನೊಂದು. ಕರೆಂಟ್ ಹೋದರೆ ಗ್ಯಾಸಬತ್ತಿ. ರಾಜನ ಪಾತ್ರದ ಬಸಪ್ಪನ ಗಂಟಲು ಕೂತರೆ ಯಾರು ರಾಜ ಎಂಬುದೂ ಅಂದೇ ತೀರ್ಮಾನ ಆಯಿತು. ಪ್ರತಿ ಕೆಟ್ಟದ್ದಕ್ಕೂ ಒಂದೊಂದು ಕುರ್ಚಿ.

ಉಳಿದದ್ದು ವೀಳ್ಯದ ಹಣ ಎಲ್ಲಿಂದ ಎಂಬುದು. ಪ್ರತಿವರ್ಷ ಮಳೆಗಾಲದ ಮುಂಚೆ ಹರಗೋಲಿಗೆ ಹೊಸ ತೊಗಲು ಹಾಕಲು ಮನೆಮನೆಯಿಂದ ವಂತಿಗೆಯ ಪಟ್ಟಿ ಎತ್ತುತ್ತಿದ್ದರು. "ಹೆಂಗೂ ಹೊಸಾ ದೋಣಿ ಬರ್ತೈತಿ. ಹರಗೋಲಿಗೆ ಮತ್ತ ಯಾಕ ರೊಕ್ಕಾ ಸುರೂದು? ಈ ಸಲದ ಪಟ್ಟಿ ವೀಳ್ಯಕ್ಕ ಆಗಲಿ" ಎಂದರು ಮಾವನವರು. ನನಗೂ ಅದು ಜಾಣತನದ ಮಾತೆನಿಸಿತು.

ದುರ್ಗಪ್ಪ ಕಟ್ಟೆಯ ಕೆಳಗೆ ಕುಳಿತಿದ್ದವನು ಎದ್ದು ನಿಂತ.

"ಸಾವ್ಕಾರ್ರ, ತೊಗಲು ಮೆತ್ತಗ ಆಗೈತ್ರಿ. ಈ ಮಳಿಗಾಲ ತಡೀತೈತೋ ಇಲ್ಲೋ. ಟಿಟ್ಟಿಭ ಹಕ್ಕಿ ಈ ವರ್ಷ ದಂಡಿ ಬಿಟ್ಟು ದಿಬ್ಬದ ಮ್ಯಾಲ ತತ್ತಿ ಇಟ್ಟೈತಿ. ನೀರು ಭಾಳ ಬರೂ ಲಕ್ಷಣರೀ."

"ಎಣ್ಣಿ ತಿಕ್ಕು, ತ್ಯಾಪಿ ಹಾಕು. ಒಂದ ಒಂದು ಮಳಿಗಾಲ ದುರ್ಗಪ್ಪ. ಆಮ್ಯಾಲೆ ನಿನಗ ದೋಣಿ."

ಯಾರೋ ಹಿಂದಿನಿಂದ, "ಹಕ್ಕಿ ಕೇಳಿ ನಾಟಕ ಮಾಡೂದಾತೇನಲೇ" ಎಂದರು. ಎಲ್ಲರೂ ನಕ್ಕರು. ದುರ್ಗಪ್ಪನೂ ನಕ್ಕ. ಚಹಾದ ಬಟ್ಟಲು ತೊಳೆದಿಟ್ಟು ಹೋದ.

ಮಳೆಗಾಲ ಬಂತು. ಪಡಸಾಲೆಯಲ್ಲಿ ದಿನಾ ಸಂಜೆ ಹಾಡಿನ ತಾಲೀಮು. ಹೊಳೆಯಲ್ಲಿ ದಿನಾ ಮುಂಜಾನೆ ಅದೇ ಹರಗೋಲು. ಒಮ್ಮೆ ಶಶಿಕಲಾಳನ್ನು ಹತ್ತಿಸಲು ಹೋದಾಗ ಒಳಗೆ ಕೈಯಿಟ್ಟು ನೋಡಿದೆ. ತೊಗಲು ನೆನೆದ ಹಪ್ಪಳದ ಹಾಗೆ ಕೈಗೆ ಹತ್ತಿತು. ತ್ಯಾಪೆಯ ಮೇಲೆ ತ್ಯಾಪೆ. ಮನೆಗೆ ಬಂದು, "ಮಾವಾರ, ನನಗ್ಯಾಕೋ ಸಮ ಅನಸವಲ್ದು, ಹುಡುಗೂರನ್ನ ನಾಕ ದಿನ ಸಾಲಿ ಬಿಡಸೂಣು" ಎಂದೆ. ಅವರು ಪಾತ್ರದ ಮಾತು ಹೇಳಿಕೊಡುತ್ತಿದ್ದರು. "ನೀರು ಏರಿದ ದಿನಾ ಬಿಡಸೂಣಂತ. ಮುಗಲು ನೋಡವಾ, ಹೆಂಗ ಬೆಳ್ಳಗೈತಿ" ಎಂದರು. ಮುಗಿಲು ಬೆಳ್ಳಗೇ ಇತ್ತು. ಹೆರಿಗೆಯಲ್ಲಿ ಉಳಿಸಿದವರ ಮಾತು, ಸುಮ್ಮನಾದೆ. ಆದರೆ ಅಂದಿನಿಂದ ಶಾಲೆ ಬಿಡುವ ಹೊತ್ತಿಗೆ ನಾನು ದಂಡೆಯಲ್ಲಿರುತ್ತಿದ್ದೆ.

ಶ್ರಾವಣದಲ್ಲಿ ಒಂದು ದಿನ, ಊರಿನಲ್ಲಿ ಒಂದು ಹನಿ ಮಳೆ ಇಲ್ಲ, ಬಿಸಿಲು ಚುರುಚುರು. ಮೇಲೆ ಘಟ್ಟದ ಕಡೆ ಎಲ್ಲೋ ಸುರಿದಿತ್ತು. ಹುಡುಗರು ಆಚೆ ದಂಡೆಯಲ್ಲಿ ಹರಗೋಲು ಹತ್ತಿದಾಗ ಹೊಳೆ ಎಂದಿನಂತೇ ಇತ್ತು. ನಡು ಹೊಳೆಗೆ ಬರುವುದರೊಳಗೆ ನೀರು ಕೆಂಪಾಯಿತು, ಸದ್ದು ಬದಲಾಯಿತು. ಈ ದಂಡೆ ಇನ್ನೇನು ಸಿಕ್ಕಿತು ಅನ್ನುವಾಗ ತೊಗಲು ಹರಿಯಿತು. ದುರ್ಗಪ್ಪ ನೀರಿಗೆ ಹಾರಿ, ಬುಟ್ಟಿಗೆ ಹೆಗಲು ಕೊಟ್ಟು ನಮ್ಮ ಕಡೆ ನೂಕಿದ. ಗಂಡಸರು ಎದೆಮಟ್ಟ ಇಳಿದು ಹುಡುಗರನ್ನು ಒಬ್ಬೊಬ್ಬರಾಗಿ ಎಳೆದರು. ಶಶಿಕಲಾಳ ಜಡೆ ನನ್ನ ಕೈಗೆ ಸಿಕ್ಕಿತು, ಜಡೆ ಹಿಡಿದೇ ಎಳೆದೆ. ಹುಡುಗರೆಲ್ಲ ದಂಡೆಗೆ ಬಂದರು. ಹರಿದ ತೊಗಲಿನಲ್ಲಿ ದುರ್ಗಪ್ಪನ ಕಾಲು ಸಿಕ್ಕಿತ್ತು. ಬುಟ್ಟಿ ಸೆಳವಿಗೆ ತಿರುಗಿ ಅವನನ್ನು ಎಳೆದುಕೊಂಡೇ ಹೋಯಿತು.

ಮರುದಿನ ಕೆಳಗಿನ ಊರಿನ ಜಾಲಿಕಂಟಿಯಲ್ಲಿ ಹೆಣ ಸಿಕ್ಕಿತು. ಅಂಬಿಗರು ಮಣ್ಣು ಕೊಡುವ ಜಾಗ ಹೊಳೆಯ ದಂಡೆಗೇ ಇತ್ತು, ಅದೆಲ್ಲ ನೀರೊಳಗೆ. ಎಲ್ಲಿ ಒಯ್ಯುವುದು ಎಂದು ಜನ ಮುಖ ಮುಖ ನೋಡಿದರು. ಮಾವನವರು ಹೆಣದ ಹತ್ತಿರ ಬಂದು ನಿಂತರು.

"ನಮ್ಮ ಹೊಲಕ್ಕ ತೊಗೊಂಡು ನಡೀರಿ. ಜಾಗಾ ತಯಾರೈತಿ" ಎಂದರು.

ನಮ್ಮ ಭಾವಕಿಯ, ದಾಯಾದಿಗಳ ಪೈಕಿಯ ಹಿರಿಯರೊಬ್ಬರು, "ಮಲ್ಲೇಶಪ್ಪ, ಅದು ನಿಂದು. ಮತ್ತ ಅಂವ ಅಂಬಿಗ್ಯಾ" ಎಂದು ಗೊಣಗಿದರು.

"ತೋಡಿಸಿದಾಂವ ನಾ ಖರೆ. ಒಳಗ ಯಾರು ಅಂತ ಕಲ್ಲಿನ ಮ್ಯಾಲ ಏನೂ ಕೆತ್ತಿಸಿಲ್ಲ" ಎಂದವರೇ, ತಗಡು ಸರಿಸಿ ತಾವೇ ಕೆಳಗಿಳಿದು ಕಸ ಗುಡಿಸಿದರು. ಮೇಲೆ ಬರಲು ಆಗಲಿಲ್ಲ, ಇಬ್ಬರು ಕೈ ಹಿಡಿದು ಎತ್ತಬೇಕಾಯಿತು. ದುರ್ಗಪ್ಪ ಅವರಿಗಿಂತ ಎತ್ತರದ ಆಳು. ಮೊಣಕಾಲಿಗೆ ಇಕ್ಕಟ್ಟಾಯಿತು.

ನಾಟಕ ಬೇಡವೆಂದು ಸಂಘದವರು ಅಂದರು. ದುರ್ಗಪ್ಪನ ಹೆಂಡತಿ ಹನಮವ್ವ ನಮ್ಮ ಪಡಸಾಲೆಗೆ ಬಂದು, ಯಾರ ಮುಖವನ್ನೂ ನೋಡದೆ, "ನಾಟಕ ನಿಂತ್ರ ದೋಣಿ ನಿಲ್ಲತೈತ್ರಿ. ನನ್ನ ಗಂಡ ಹೋಗೂದು ಹ್ವಾದ. ಆಡ್ರಿ" ಎಂದಳು. ಸುಗ್ಗಿ ಮುಗಿದ ಮೇಲೆ ಆಡಿದರು. ಮಾವನವರು ಎಣಿಸಿದ ಹಾಗೇ ಎಲ್ಲ ನಡೆಯಿತು. ಇಳಕಲ್ಲಿನ ನಟಿ ಬಂದಳು, ಬಸಪ್ಪನ ಗಂಟಲು ಕೂರಲಿಲ್ಲ, ಕರೆಂಟ್ ಹೋಗಲಿಲ್ಲ, ಆಯೇರಿ ಕೂಗಿ ಕೂಗಿ ಮೈಕಿನವನ ಬಾಯಿ ಒಣಗಿತು. ಪೂರಾ ದೋಣಿ ಬಂತು. ಮಾವನವರು ಮಾತ್ರ ಆಟ ನೋಡಲಿಲ್ಲ. ಬೇವಿನ ಗಿಡದ ಬುಡದಲ್ಲಿ ಕುಳಿತಿದ್ದರು. ಅಲ್ಲಿಗೂ ಮೈಕಿನ ಸದ್ದು ಕೇಳುತ್ತಿತ್ತು.

ಆಮೇಲೆ ಆ ಮನುಷ್ಯ ಬೇರೆಯೇ ಆದರು. ಕಂದೀಲಿನ ಗಾಜು ಒಡೆದರೆ ಒಡೆದದ್ದೇ. ಕೊಡೆಯ ಕಡ್ಡಿ ಮುರಿದೇ ಇತ್ತು. ಕುರ್ಚಿಯ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ. ಇಡೀ ದಿನಕ್ಕೆ ಒಂದೇ ಕೆಲಸ: ಹೊಳೆಗೆ ಹೋಗಿ ದೋಣಿಯ ತಳ ಕೈಯಿಂದ ತಡವಿ ನೋಡುವುದು. ಬೇಸಿಗೆಯಲ್ಲಿ ದೋಣಿಯನ್ನು ದಂಡೆಗೆ ಎಳೆದು ಬೋರಲು ಹಾಕಿಸಿ, ಮುಂದೆ ನಿಂತು ಡಾಂಬರು ಬಳಿಸುವರು. ಹಾಸಿಗೆ ಹಿಡಿದ ಮೇಲೆ ಆ ಕೆಲಸ ನನಗೆ ಬಂತು. ಒಂದು ದಿನ ಬೇಸರಕ್ಕೆ, ಹೋಗದೆಯೇ "ನೋಡಿ ಬಂದೆ ಮಾವಾರ" ಎಂದೆ. "ಕೈ ತೋರ್ಸು" ಎಂದರು. ಅಂಗೈ ತಿರುವಿ ನೋಡಿದರು. ಡಾಂಬರು ಹತ್ತಿರಲಿಲ್ಲ. ಬಯ್ಯಲಿಲ್ಲ, ಗೋಡೆಯ ಕಡೆ ಹೊರಳಿದರು. ಮತ್ತೆಂದೂ ನಾನು ಹೋಗದೆಯೇ ನೋಡಿ ಬಂದೆನೆಂದು ಹೇಳಲಿಲ್ಲ.

"ಮಾವಾರ, ಇನ್ನೊಂದು ತೋಡಸೂದಿಲ್ಲೇನ್ರಿ?" ಎಂದು ಒಮ್ಮೆ ಕೇಳಿದ್ದೆ, ನಗಿಸಲಿಕ್ಕೆ. "ಸತ್ತಾಂವಂದು ಏನ ಅವಸರ ಐತಿ ತಂಗಿ" ಎಂದರು.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಅವರು ಹೋದರು. ದುರ್ಗಪ್ಪನ ಮಗ್ಗುಲಲ್ಲೇ ತೋಡಲು ಹೇಳಿದೆ. ಕೆಳಗೆ ಬಂಡೆ ಹತ್ತಿತು. ಹಾರೆ ಬಡಿಯುವ ಸದ್ದು ಮನೆಯವರೆಗೂ ಕೇಳುತ್ತಿತ್ತು. ಬಂದ ಮಂದಿ ಬಿಸಿಲಲ್ಲಿ ಕಾದು ಕಾದು ಕುಳಿತರು. ಇಂಥದ್ದೆಲ್ಲ ಮುಂಚೆಯೇ ಮಾಡಿಟ್ಟಿರುತ್ತಿದ್ದ ಮನುಷ್ಯ ಪಡಸಾಲೆಯಲ್ಲಿ ಗೋಡೆಗೆ ಆನಿಸಿ, ಹಣೆಗೆ ವಿಭೂತಿ ಹಚ್ಚಿಸಿಕೊಂಡು, ತಾಲೀಮಿಗೆ ಕುಳಿತಂತೆ ಕುಳಿತಿದ್ದರು. ನನಗೆ ತಡೆಯಲಾಗಲಿಲ್ಲ. ಎದ್ದು ಹೊಳೆಗೆ ಹೋದೆ. ಸೊಸೆ ಈ ಹೊತ್ತಿನಲ್ಲಿ ಎಲ್ಲಿ ಹೊರಟಳು ಎಂದು ಯಾರೋ ಅಂದರು. ಬೋರಲು ಹಾಕಿದ ದೋಣಿಯ ತಳವನ್ನು ಈ ತುದಿಯಿಂದ ಆ ತುದಿಯವರೆಗೆ ತಡವಿದೆ. ತಿರುಗಿ ಬಂದು ಅವರ ಮುಂದೆ ಕುಳಿತೆ.

"ನೋಡಿ ಬಂದೆ ಮಾವಾರ" ಎಂದು ಕಪ್ಪಾದ ಅಂಗೈ ತೋರಿಸಿದೆ.