ಕೊಕ್ಕರೆಯ ಚಕ್ಕುಬಂದಿ

ಸೊರಬದ ತಾಲ್ಲೂಕು ಕಚೇರಿ ಎದುರಿನ ಹೊಂಗೆ ಮರದಡಿ ಕೂತು ಇಪ್ಪತ್ತೆರಡು ವರ್ಷ ಅರ್ಜಿ ಬರೆದವನು ನಾನು. ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ಬರೆಯದೆ ನನ್ನ ಪೆನ್ನು ಮುಂದೆ ಸಾಗುವುದಿಲ್ಲ. ಲಗ್ನಪತ್ರಿಕೆ ಬರೆಯುವಾಗಲೂ ಚಪ್ಪರದ ಪೂರ್ವಕ್ಕೆ ಯಾರ ಮನೆ ಎಂದು ಕೇಳಿ ಬೈಸಿಕೊಂಡಿದ್ದೇನೆ.

ತೊಂಬತ್ತೊಂಬತ್ತನೇ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ ಉಜ್ಜಪ್ಪ ಬಂದ. ಉಳವಿ ಕಡೆಯ ಒಂದು ಕೆರೆಯಲ್ಲಿ ಮೀನಿನ ಗುತ್ತಿಗೆದಾರರು ಹಕ್ಕಿ ಓಡಿಸಲೆಂದು ಇಟ್ಟಿದ್ದ ಕಾವಲುಗಾರ. ಓಡಿಸಲು ಕೊಟ್ಟ ಕವಣೆಯ ದಾರವನ್ನು ಗುಡಿಸಲಿನ ಮುಂದೆ ಕಟ್ಟಿ ಪಂಚೆ ಒಣಹಾಕುತ್ತಿದ್ದ. ಹೆಂಡತಿ ಮಕ್ಕಳಿರಲಿಲ್ಲ. ಕುರಿ ಕಾಯುವ ತಮ್ಮಂದಿರು ವರ್ಷಕ್ಕೊಮ್ಮೆ ಹಿಂಡಿನೊಂದಿಗೆ ಹಾದುಹೋಗುವಾಗ ಏರಿಯ ಮೇಲಿಂದಲೇ ಕೂಗಿ ಮಾತಾಡಿಸುತ್ತಿದ್ದರು, ನಿಲ್ಲುತ್ತಿರಲಿಲ್ಲ.

“ಒಂದು ಅರ್ಜಿ ಬರೀರಿ. ಕೊಕ್ಕರೆ ಕಳೆದೈತೆ.”

“ಕೊಕ್ಕರೆ ಹಾರಿಹೋಗ್ತದೆ ಮಾರಾಯ, ಕಳೆಯೋದಿಲ್ಲ.”

“ಅದು ಹಾರಂಗಿಲ್ರೀ. ಮರಿ ಇದ್ದಾಗ ಕಾಲು ಮುರಕಂಡಿತ್ತು. ಬಿದಿರು ಸೀಳು ಇಟ್ಟು, ನನ್ನ ರುಮಾಲಿನ ಕೆಂಪಂಚು ಹರಿದು ಕಟ್ಟಿದ್ದೆ. ಮೂರು ತಿಂಗಳು ಗುಡಿಸಲಾಗೇ ಇತ್ತು. ಸಂತೆಗೆ ಹೋಗಿ ಬರೋದ್ರಾಗೆ ಇಲ್ಲ.”

ನಾನು ನಕ್ಕೆ. ನಕ್ಕಿದ್ದು ಸಾಲದೆಂಬಂತೆ, ಶಿಕಾರಿಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ತಮ್ಮನ ಮಗ ಚನ್ನೇಶನಿಗೂ ಫೋನಿನಲ್ಲಿ ಹೇಳಿ ನಗಿಸಿದೆ. ಹತ್ತು ದಿನಕ್ಕೆ ಅವನದೇ ಫೋನು.

“ದೊಡ್ಡಪ್ಪ, ಇಂಟರ್ನೆಟ್‌ನಾಗೆ ಯಾರೋ ಕಾಡುಹಕ್ಕಿ ಮಾರಾಕೆ ಇಟ್ಟಾರೆ. ಕಾಲಿಗೆ ಬಟ್ಟೆ ಕಟ್ಟಿದ್ದೊಂದು ಐತೆ. ಆ ಮನುಷ್ಯನ್ನ ಕರ್ಕಂಡು ಬಾ.”

ಉಜ್ಜಪ್ಪನನ್ನು ಕರೆದುಕೊಂಡು ಚನ್ನೇಶನ ಅಂಗಡಿಗೆ ಹೋದೆ. ಆಗ ಇಂಟರ್ನೆಟ್ಟಿನಲ್ಲಿ ಚಿತ್ರ ಮೇಲಿನಿಂದ ಗೆರೆಗೆರೆಯಾಗಿ ಇಳಿಯುತ್ತಿತ್ತು. ಮೊದಲು ಪಂಜರದ ತಂತಿ ಬಂತು. ಆಮೇಲೆ ಕೊಕ್ಕು. ನಾನು ಕಾಫಿ ಕುಡಿದು ಬರುವಷ್ಟರಲ್ಲಿ ರೆಕ್ಕೆ ಬಂದಿತ್ತು. ಉಜ್ಜಪ್ಪ ಮಾತ್ರ ಕೂತಲ್ಲಿಂದ ಕದಲಿರಲಿಲ್ಲ. ಕೊನೆಗೆ ಕಾಲು ಇಳಿಯಿತು, ಅದರ ಮೇಲೆ ಕೆಂಪು ಅಂಚು. ಅವನು ಪರದೆಯ ಮೇಲೆ ಅಂಗೈ ಇಟ್ಟ.

“ಬೆಚ್ಚಗೈತೆ,” ಎಂದ.

ಅದು ಗಾಜಿನ ಬಿಸಿ. ಚನ್ನೇಶ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡ. “ಹಿಂಗೆ ಮಾರೋದು ಕಾನೂನಿಗೆ ವಿರುದ್ಧ. ಮಾರಿಹೋಗೋದ್ರೊಳಗೆ ಅರ್ಜಿ ಕೊಡ್ರಿ,” ಎಂದ.

ಅಲ್ಲೇ ಕೂತು ಸಂಬಂಧಪಟ್ಟ ಕಚೇರಿಗೆ ಬರೆಯತೊಡಗಿದೆ. ಕೃತ್ಯ ನಡೆದ ಸ್ಥಳ: ಇಂಟರ್ನೆಟ್. ಪೆನ್ನು ನಿಂತಿತು.

“ಚಕ್ಕುಬಂದಿ?”

“ಅದಕ್ಕೆ ಗಡಿ ಇಲ್ಲ ದೊಡ್ಡಪ್ಪ. ಪುಟದ ವಿಳಾಸ ಬರಿ, ಸಾಕು.”

ವಿಳಾಸ ನೋಡಿದೆ. ಊರಿಲ್ಲ, ಹೋಬಳಿಯಿಲ್ಲ, ಬರೀ ಚುಕ್ಕಿ ಮತ್ತು ಓರೆಗೆರೆ. ಇಂಥದನ್ನು ಯಾವ ಅಧಿಕಾರಿ ಒಪ್ಪುತ್ತಾನೆ? ಅದನ್ನು ಕೈಬಿಟ್ಟು, ಹಕ್ಕಿ ಕಂಡ ಜಾಗದ, ಅಂದರೆ ಚನ್ನೇಶನ ಅಂಗಡಿಯ, ಗಡಿ ಬರೆದೆ: ಪೂರ್ವಕ್ಕೆ ಎಸ್‌ಟಿಡಿ ಬೂತ್, ಪಶ್ಚಿಮಕ್ಕೆ ಮಹೇಶ್ವರಪ್ಪನವರ ಗೊಬ್ಬರದ ಅಂಗಡಿ, ಉತ್ತರಕ್ಕೆ ಚರಂಡಿ, ದಕ್ಷಿಣಕ್ಕೆ ರಸ್ತೆ. ಅಕ್ಷರ ದುಂಡಗೆ ಬಂದಿತ್ತು. ನನಗೇ ಹೆಮ್ಮೆಯಾಯಿತು.

ನಾಲ್ಕನೇ ದಿನ ಆ ಕಚೇರಿಯ ಇಬ್ಬರು ದೊಡ್ಡ ಬುಟ್ಟಿ ಹಿಡಿದು ನೆಟ್ಟಗೆ ಆ ನಾಲ್ಕು ಗಡಿಯೊಳಕ್ಕೇ ಬಂದರು. ಮೇಜಿನ ಕೆಳಗೆ ಬಗ್ಗಿದರು, ಕಂಪ್ಯೂಟರಿನ ಹಿಂದೆ ಕೈಹಾಕಿದರು. ಸದರಿ ಚಕ್ಕುಬಂದಿಯೊಳಗೆ ಯಾವುದೇ ಕೊಕ್ಕರೆ ಕಂಡುಬಂದಿಲ್ಲ ಎಂದು ಮಹಜರು ಬರೆದು, ಚನ್ನೇಶನ ಸಹಿ ಹಾಕಿಸಿ, ಅರ್ಜಿಯನ್ನು ಮುಕ್ತಾಯ ಮಾಡಿದರು. ಅವರು ಹೋದ ಮೇಲೆ ಅವನು ಪುಟ ತೆರೆದು ನೋಡಿದರೆ ಚಿತ್ರದ ಕೆಳಗೆ ‘ಮಾರಾಟವಾಗಿದೆ’ ಎಂದಿತ್ತಂತೆ. ಅಷ್ಟು ಹೇಳಿ ಫೋನ್ ಇಟ್ಟವನು ಯುಗಾದಿವರೆಗೆ ನನ್ನೊಂದಿಗೆ ಮಾತಾಡಲಿಲ್ಲ.

ಆ ವಾರ ಉಜ್ಜಪ್ಪ ಬಂದಾಗ ಎಲ್ಲ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು. ಅವನು ಚಪ್ಪಲಿ ಬಿಟ್ಟು, ಮರದ ಬೇರಿನ ಮೇಲೆ ಕೂತ.

“ಇನ್ನೊಂದು ಬರೀರಿ. ಕೊಂಡೋರು ಎಲ್ಲಾದ್ರೂ ಸಿಕ್ಕರೆ, ಹಕ್ಕಿ ತಂದು ಬಿಡಾಕೆ ಜಾಗ ತಿಳೀಬೇಕಲ್ಲ. ನನ್ನ ಕೆರೇದು ಚಕ್ಕುಬಂದಿ ಹಾಕ್ರಿ.”

ಪೂರ್ವಕ್ಕೆ ರಾಜಪ್ಪನ ಗದ್ದೆ. ಪಶ್ಚಿಮಕ್ಕೆ ಉಳವಿ ರಸ್ತೆ. ಉತ್ತರಕ್ಕೆ ಕೆರೆ ಏರಿ.

“ದಕ್ಷಿಣಕ್ಕೆ?”

“ಅತ್ತಾಗೆ ಯಾರೂ ಇಲ್ರೀ,” ಎಂದ. ಆಮೇಲೆ, “ನಾನಿರ್ತೀನಿ. ಅದನ್ನೇ ಬರೀರಿ.”

ಚಕ್ಕುಬಂದಿಯಲ್ಲಿ ಮನುಷ್ಯನನ್ನು ಗಡಿಯಾಗಿ ತೋರಿಸುವ ಪದ್ಧತಿಯಿಲ್ಲ. ಬರೆದೆ.